ಯು ಇಲ್ಲದ ಕ್ಯೂ: ದಖನಿ ಕಿವಿಗೆ ಗೊತ್ತಿರುವ ಇಂಗ್ಲಿಷ್ ಪದಗಳು

ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ 100 ಬಿಲ್ಲೆಗಳಲ್ಲಿ ಕ್ಯೂ ಇರುವುದು ಒಂದೇ, ಬೆಲೆ 10 ಅಂಕ. ಯು ಬಿಲ್ಲೆ ಬರೀ 4. ಆ ನಾಲ್ಕೂ ಹಲಗೆಯ ಮೇಲೆ ಖರ್ಚಾದ ಮೇಲೆ ಕ್ಯೂ ಕೈಗೆ ಬಂದರೆ, ಯು ಬೇಡದ ಪದಗಳು ನೆನಪಿರಬೇಕು. ಇವುಗಳಲ್ಲಿ ದೊಡ್ಡ ಪಾಲು ಅರಬ್ಬಿಯಿಂದ ಬಂದವು. ಕಲಬುರಗಿ, ಬೀದರ್ ಕಡೆಯವರಿಗೆ ಇವು ಹೊಸವೇನಲ್ಲ, ಕಾಗುಣಿತವಷ್ಟೇ ಹೊಸದು.

ಅರಬ್ಬಿಯಲ್ಲಿ ನಮ್ಮ ಕ ದಂಥ ಕಾಫ್ ಒಂದು. ನಾಲಿಗೆಯ ಬುಡ ಕಿರುನಾಲಿಗೆಗೆ ತಾಗಿ ಹುಟ್ಟುವ ಖಾಫ್ ಇನ್ನೊಂದು. ಇಂಗ್ಲಿಷಿನಲ್ಲಿ ಮೊದಲನೆಯದನ್ನು ಕೆ ಎಂದೂ ಎರಡನೆಯದನ್ನು ಹೆಚ್ಚಾಗಿ ಕ್ಯೂ ಎಂದೂ ಬರೆಯುತ್ತಾರೆ. ಕ್ಯೂ ಜೊತೆ ಯು ಸೇರಿಸುವುದು ಲ್ಯಾಟಿನ್, ಫ್ರೆಂಚ್ ರೂಢಿ; ಅರಬ್ಬಿ ಪದಕ್ಕೆ ಅದರ ಹಂಗಿಲ್ಲ.

ಎಡವುವುದು ಇಲ್ಲಿ: ದಖನಿ ಉರ್ದುವಿನಲ್ಲಿ ಈ ಎರಡನೆಯ ಅಕ್ಷರ ಖ ಆಗಿಬಿಡುತ್ತದೆ. ಕೀಮತ್ತು ಖೀಮತ್ ಆಗುವುದು ಹಾಗೆ. ಆದರೆ ಖಾನ್, ಖಬರ್ ಪದಗಳ ಖ ಬೇರೆಯೇ ಅಕ್ಷರ, ಇಂಗ್ಲಿಷಿನಲ್ಲಿ ಕೆ-ಎಚ್. ಕಿವಿಗೆ ಎರಡೂ ಒಂದೇ, ಕಣ್ಣಿಗೆ ಅಲ್ಲ. ಊರಿನ ಉರ್ದು ಬೋರ್ಡುಗಳಲ್ಲಿ ಎರಡು ಚುಕ್ಕೆ ಹೊತ್ತ ದುಂಡು ತಲೆ ಕಂಡರೆ ಅದು ಕ್ಯೂ. ಒಂದೇ ಚುಕ್ಕೆಯ ಕೊಕ್ಕೆ ಕೆ-ಎಚ್.

ಆಟಕ್ಕೆ ಒಪ್ಪಿತವಾದ ಪದಗಳ ಕಾಲಿನ್ಸ್ ಪಟ್ಟಿ ಇಟ್ಟುಕೊಂಡು ಆಡುವವರಿಗೆ ಫಕೀರ (ಎಫ್-ಎ-ಕ್ಯೂ-ಐ-ಆರ್) 17 ಅಂಕ, ನಿಕಾಬ್ (ಎನ್-ಐ-ಕ್ಯೂ-ಎ-ಬಿ) 16, ವಕ್ಫ್ (ಡಬ್ಲ್ಯೂ-ಎ-ಕ್ಯೂ-ಎಫ್) 19. ಫಕೀರನನ್ನು ಕ್ಯೂ ಬದಲು ಕೆ ಹಾಕಿ ಬರೆದರೂ ನಡೆಯುತ್ತದೆ. ತಾಲೂಕು ಮಾತ್ರ ಕೆ ಹಾಕಿಯೇ ಆಡಿ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆಯಲ್ಲ, ನೆಲದಡಿ ಸಣ್ಣ ಇಳಿಜಾರಿನಲ್ಲಿ ಕೊರೆದ ಕಾಲುವೆ, ಅಲ್ಲಲ್ಲಿ ಮೇಲಕ್ಕೆ ಕಂಡಿ? ಕರೇಜ್ ಎಂಬುದು ಅದರ ಪರ್ಷಿಯನ್ ಹೆಸರು. ಅಂಥದ್ದಕ್ಕೇ ಅರಬ್ಬಿಯಲ್ಲಿ ಖನಾತ್: ಕ್ಯೂ-ಎ-ಎನ್-ಎ-ಟಿ, 14 ಅಂಕ.

ಎಲ್ಲಕ್ಕಿಂತ ಸೊಗಸಾದದ್ದು ಬಂದೇನವಾಜರ ದರ್ಗಾದ ಊರು ಕಲಬುರಗಿಗೆ ಹೇಳಿಮಾಡಿಸಿದಂಥ ಖವ್ವಾಲಿ: ಕ್ಯೂ-ಎ-ಡಬ್ಲ್ಯೂ-ಡಬ್ಲ್ಯೂ-ಎ-ಎಲ್-ಐ. ಕೈಯಲ್ಲಿನ ಏಳೂ ಬಿಲ್ಲೆ ಒಟ್ಟಿಗೆ ಇಳಿಯುವುದರಿಂದ 50 ಅಂಕ ಹೆಚ್ಚುವರಿ. ಆಟದ ಮೊದಲ ಸರದಿಯಲ್ಲೇ ಸಿಕ್ಕರೆ, ನಡುಸಾಲಿನಲ್ಲಿ ಎಡದಿಂದ ನಾಲ್ಕನೇ ಮನೆಗೆ ಕ್ಯೂ ಇಡಿ. ಅದು ಅಕ್ಷರದ ಬೆಲೆ ಇಮ್ಮಡಿಸುವ ಮನೆ. ಪದದ 22 ಅಂಕ 32 ಆಗುತ್ತದೆ, ಇಡೀ ಪದವನ್ನು ಇಮ್ಮಡಿಸುವ ನಡುಮನೆ ಅದನ್ನು 64 ಮಾಡುತ್ತದೆ, ಬೋನಸ್ ಸೇರಿ 114. ಡಬ್ಲ್ಯೂ ಇರುವುದೇ ಎರಡು, ಹಾಗಾಗಿ ಇದು ಅಪರೂಪ.

ದಿನದ ಆಟಕ್ಕೆ ಕೈಹಿಡಿಯುವುದು ಚೀನೀ ಮೂಲದ ಕ್ಯೂ-ಐ. ಅಕ್ಷರ ಮೂರು ಪಟ್ಟಾಗುವ ಮನೆಯ ಕೆಳಗೆ ಐ ಇದ್ದರೆ, ಆ ಮನೆಗೆ ಕ್ಯೂ, ಅದರ ಬಲಕ್ಕೆ ಇನ್ನೊಂದು ಐ ಇಡಿ. ಅಡ್ಡ 31, ಉದ್ದ 31, ಒಟ್ಟು 62. ಬಲಗಡೆಯ ಐ ತನ್ನ ಮೇಲೆ ಕೆಳಗಿನ ಅಕ್ಷರಕ್ಕೆ ತಾಗಿದರೆ ಅಲ್ಲೂ ಸರಿಯಾದ ಪದವೇ ಆಗಬೇಕು, ಇಲ್ಲವಾದರೆ ಆ ಸರದಿಯ ಇಡೀ ನಡೆ ಬಿದ್ದುಹೋಗುತ್ತದೆ.

ಕ್ಯೂವನ್ನು ಕೊನೆವರೆಗೆ ಹಿಡಿದು ಕೂರಬೇಡಿ. ಎದುರಾಳಿ ಬಿಲ್ಲೆ ಮುಗಿಸಿದರೆ ನಿಮ್ಮ 10 ಕಳೆದು ಅವರಿಗೆ 10 ಸೇರಿ, 20ರ ಅಂತರ ಬೀಳುತ್ತದೆ. ಚೀಲದಲ್ಲಿ 7ಕ್ಕಿಂತ ಕಡಿಮೆ ಬಿಲ್ಲೆ ಉಳಿದಾಗ ಬದಲಾಯಿಸಲೂ ಬಿಡುವುದಿಲ್ಲ. ಅದಕ್ಕೆ ಮೊದಲೇ ಹಲಗೆಯಲ್ಲಿ ಐ ಎಲ್ಲೆಲ್ಲಿ ಖಾಲಿ ಇದೆ ಎಂದು ನೋಡಿಕೊಂಡು, ಇಲ್ಲದಿದ್ದರೆ ಕ್ಯೂವನ್ನು ಚೀಲಕ್ಕೆ ಹಾಕಿಬಿಡಿ.