ಸೆಲ್ಯುಲರ್ ಜೈಲು: ಒಂಟಿತನಕ್ಕೆಂದೇ ಬರೆದ ನಕ್ಷೆ

ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ತೊಡಗಿರುವ ನನಗೆ ಪೋರ್ಟ್ ಬ್ಲೇರ್‌ನ (ಈಗಿನ ಶ್ರೀ ವಿಜಯಪುರಂನ) ಸೆಲ್ಯುಲರ್ ಜೈಲಿನ ಸ್ವಭಾವ ಅರ್ಥವಾಗುವುದು ಅದರ ಬಾಗಿಲಿನ ಅಗಳಿಯಿಂದ. ಸರಳಿನ ಬಾಗಿಲಿನಿಂದ ಹೊರಟ ಉದ್ದನೆಯ ಕಬ್ಬಿಣದ ಅಗಳಿ ಪಕ್ಕದ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಹೋಗಿ ಸೇರುತ್ತದೆ. ಬೀಗ ಹಾಕುವುದು ಅಲ್ಲಿ. ಒಳಗಿನವನು ಸರಳುಗಳ ಸಂದಿಯಿಂದ ತೋಳು ಚಾಚಿದರೆ ಕೈಗೆ ಸಿಗುವುದು ಗೋಡೆ ಮಾತ್ರ.

ಕರಿನೀರಿನ ಶಿಕ್ಷೆ ಈ ಕಟ್ಟಡಕ್ಕಿಂತ ಹಳೆಯದು. 1858ರ ಮಾರ್ಚ್‌ನಲ್ಲಿ ಸುಮಾರು 200 ಕೈದಿಗಳನ್ನು ಅಂಡಮಾನಿಗೆ ತಂದಿಳಿಸಿದಾಗ ಸುತ್ತಲಿನ ಕಡಲೇ ಅವರಿಗೆ ಸೆರೆಮನೆಯ ಗೋಡೆಯಾಗಿತ್ತು. ಕಾಡು ಕಡಿಯುತ್ತ ಅವರು ಬಯಲಿನಲ್ಲೇ ದುಡಿಯುತ್ತಿದ್ದರು. 1890ರಲ್ಲಿ ಲಯಾಲ್ ಮತ್ತು ಲೆತ್‌ಬ್ರಿಜ್ ಎಂಬ ಬ್ರಿಟಿಷ್ ಅಧಿಕಾರಿಗಳು, ಗಡೀಪಾರಿನ ಭಯ ಕುಗ್ಗಿದೆಯಾದ್ದರಿಂದ ಬಂದವರನ್ನು ಮೊದಲು ಕೆಲಕಾಲ ಒಂಟಿಯಾಗಿ ಕೂಡಿಹಾಕಬೇಕೆಂದು ಶಿಫಾರಸು ಮಾಡಿದರು. 1896ರಲ್ಲಿ ಶುರುವಾದ ಕೆಲಸ 1906ರಲ್ಲಿ ಮುಗಿಯಿತು, ಕಟ್ಟಿದವರೂ ಕೈದಿಗಳೇ.

ನಡುವಿನ ಗೋಪುರದಿಂದ ಗಾಲಿಯ ಅರಗಳಂತೆ ಚಾಚಿಕೊಂಡ, ಮೂರು ಅಂತಸ್ತಿನ ಏಳು ಸಾಲುಗಳಲ್ಲಿ 690ಕ್ಕೂ ಹೆಚ್ಚು ಕೋಣೆಗಳಿದ್ದವು. ಒಂದೊಂದೂ ಸುಮಾರು 13 ಅಡಿ ಉದ್ದ, 7 ಅಡಿ ಅಗಲ. ಬೆಳಕಿಗೆ ಕೈಗೆಟುಕದ ಎತ್ತರದಲ್ಲೊಂದು ಕಿಂಡಿ. ಆದರೆ ನಕ್ಷೆಯ ನಿಜವಾದ ಕ್ರೌರ್ಯ ಸಾಲುಗಳನ್ನು ಜೋಡಿಸಿದ ರೀತಿಯಲ್ಲಿದೆ: ಒಂದು ಸಾಲಿನ ಬಾಗಿಲುಗಳಿಗೆ ಎದುರಾಗುವುದು ಮುಂದಿನ ಸಾಲಿನ ಹಿಂಗೋಡೆ. ನೂರಾರು ಜನ ಒಂದೇ ಆವರಣದಲ್ಲಿದ್ದರೂ ಕೋಣೆಯೊಳಗಿದ್ದವನಿಗೆ ಇನ್ನೊಬ್ಬ ಕೈದಿಯ ಮುಖ ಕಾಣುತ್ತಿರಲಿಲ್ಲ. ಅಣ್ಣತಮ್ಮಂದಿರಾದ ಗಣೇಶ ಸಾವರ್ಕರ್ ಮತ್ತು ವಿನಾಯಕ ಸಾವರ್ಕರ್ ಇಬ್ಬರೂ ಇಲ್ಲಿದ್ದವರು. ಹಗಲಿನಲ್ಲಿ ಗಾಣಕ್ಕೆ ಕಟ್ಟಿ ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ತೆಗೆಸುತ್ತಿದ್ದರು. 1933ರ ಉಪವಾಸ ಸತ್ಯಾಗ್ರಹದಲ್ಲಿ ಮಹಾವೀರ ಸಿಂಗ್, ಮೋಹನ ಕಿಶೋರ ನಾಮದಾಸ್, ಮೋಹಿತ್ ಮೊಯಿತ್ರ ಪ್ರಾಣ ಕಳೆದುಕೊಂಡರು. ಇಷ್ಟೆಲ್ಲ ಕಟ್ಟುನಿಟ್ಟಿನ ಗೋಡೆಗಳ ನಡುವೆಯೂ ಅವರು ಒಂದಾಗಿ ನಿಂತರೆಂಬುದು ನನಗೆ ಇಂದಿಗೂ ಬೆರಗು. 1938ರ ಹೊತ್ತಿಗೆ ರಾಜಕೀಯ ಕೈದಿಗಳನ್ನು ಮುಖ್ಯಭೂಮಿಗೆ ಮರಳಿಸಲಾಯಿತು.

ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಸೇನೆಯ ಕೈಯಲ್ಲಿದ್ದಾಗ ಎರಡು ಸಾಲುಗಳು ಬಿದ್ದವು. ಸ್ವಾತಂತ್ರ್ಯಾನಂತರ ಇನ್ನೆರಡನ್ನು ನಾವೇ ಕೆಡವಿದೆವು. ಮಾಜಿ ರಾಜಕೀಯ ಕೈದಿಗಳು ಪ್ರತಿಭಟಿಸಿದ್ದರಿಂದ ಮೂರು ಸಾಲುಗಳೂ ಗೋಪುರವೂ ಉಳಿದವು, 1979ರಲ್ಲಿ ರಾಷ್ಟ್ರೀಯ ಸ್ಮಾರಕವಾದವು. ತೆರವಾದ ಜಾಗದಲ್ಲಿ ಆಸ್ಪತ್ರೆ ಎದ್ದಿದೆ. ಅದು ಬೇಡವಾಗಿತ್ತು ಎನ್ನಲಾರೆ. ಆದರೆ ಹಿಂಗೋಡೆಗಳು ಹೋದ ಮೇಲೆ ನೋಟ ಬಯಲಾಗಿದೆ, ಮೊಗಸಾಲೆಯಲ್ಲಿ ನಿಂತವರಿಗೆ ಗಾಳಿ ಬೆಳಕಿನ ಕಟ್ಟಡವೇ ಕಾಣುತ್ತದೆ. ಬಿದ್ದ ಸಾಲುಗಳ ತಳಪಾಯದ ಗೆರೆಯನ್ನು ಸಾಧ್ಯವಿರುವಲ್ಲೆಲ್ಲ ನೆಲದ ಮೇಲೆ ಕಲ್ಲಿನಲ್ಲಿ ಗುರುತಿಸಿದರೆ, ಬಾಗಿಲಿಗೆ ಎದುರಾಗಿ ಏನು ನಿಂತಿತ್ತೆಂದು ಬಂದವರಿಗೆ ತಿಳಿದೀತು.