ಗ್ಯಾಸ್ಕೆಟ್ ಒಂದೇ ಹಾಕಿ ಅನ್ನುವವರಿಗೆ

"ಅಣ್ಣಾ, ಹೆಡ್ ಗ್ಯಾಸ್ಕೆಟ್ ಹಾಕಿ ಸಾಕು, ಬ್ಲಾಕ್ ಬಿಚ್ಚಬೇಡಿ." ಶಾರ್ಜಾದ ನಮ್ಮ ಗ್ಯಾರೇಜಿಗೆ ಹಳೆಯ ರೇಂಜ್ ರೋವರ್, ಡಿಸ್ಕವರಿ ತರುವ ಊರಿನವರ ಮಾತಿದು. ಬ್ಲಾಕ್ ಅಂದರೆ ಎಂಜಿನ್ನಿನ ಮುಖ್ಯ ಎರಕ, ಹೆಡ್ ಅದರ ಮೇಲಿನ ಮುಚ್ಚಳ, ಗ್ಯಾಸ್ಕೆಟ್ ಇವೆರಡರ ನಡುವೆ ಸೋರದಂತೆ ತಡೆಯುವ ಹಾಳೆ. ಎಂಜಿನ್ ಒಮ್ಮೆ ವಿಪರೀತ ಕಾದಿರುತ್ತದೆ. ಗ್ಯಾಸ್ಕೆಟ್ ಹಾಕಿದ ಮೇಲೂ ಎಂಜಿನ್ ತಂಪು ಮಾಡುವ ನೀರು ಇಳಿಯುತ್ತಲೇ ಇರುತ್ತದೆ. ಬೈಗುಳ ನಮಗೆ.

ಈ ಗಾಡಿಗಳ ಎಂಟು ಸಿಲಿಂಡರಿನ ಅಲ್ಯೂಮಿನಿಯಂ ವಿ8 ಎಂಜಿನ್ ಮೂಲತಃ ಅಮೆರಿಕದ ಬ್ಯೂಕ್‌ನದು. 1961ರ ಕಾರುಗಳಿಗೆ ಬಂದದ್ದು, 3.5 ಲೀಟರ್. 1965ರಲ್ಲಿ ಇಂಗ್ಲೆಂಡಿನ ರೋವರ್ ಅದನ್ನು ತನ್ನದಾಗಿಸಿಕೊಂಡಿತು. ಅಲ್ಯೂಮಿನಿಯಂ ಹಗುರ, ಆದರೆ ಪಿಸ್ಟನ್ ರಿಂಗಿನ ಉಜ್ಜಾಟ ತಡೆಯದು. ಅದಕ್ಕೇ ಎಂಟೂ ಬೋರಿನಲ್ಲಿ, ಅಂದರೆ ಪಿಸ್ಟನ್ ಆಡುವ ತೂತಿನಲ್ಲಿ, ಒಳಗೋಡೆಯಾಗಿ ಕಬ್ಬಿಣದ ಕೊಳವೆ, ಅದೇ ಲೈನರ್. ಬ್ಯೂಕ್‌ನವರು ಲೈನರ್ ಇಟ್ಟೇ ಸುತ್ತ ಎರಕ ಹೊಯ್ಯುತ್ತಿದ್ದರು. ರೋವರ್‌ನವರು ಬ್ಲಾಕ್ ಎರಕ ಹೊಯ್ದು, ಬೋರ್ ಕೊರೆದು, ಆಮೇಲೆ ಲೈನರ್ ಕೂರಿಸಿದರು.

ಎಷ್ಟು ಹೇಳಿದರೂ ಜನರ ತಲೆಗೆ ಹೋಗದ ವಿಷಯ ಇದೇ. ಲೈನರನ್ನು ಹಿಡಿದಿರುವುದು ಬೋಲ್ಟೂ ಅಲ್ಲ, ಅಂಟೂ ಅಲ್ಲ. ಬರೀ ಬಿಗಿ. ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ತೊಡಿಸುತ್ತಾರಲ್ಲ, ಹಾಗೆ. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆಮೇಲಿನ ಮಾಡೆಲುಗಳ 94 ಮಿ.ಮೀ. ಬೋರಿನಲ್ಲಿ 100 ಡಿಗ್ರಿ ಬಿಸಿ ಏರಿದರೆ, ಎರಡರ ಹಿಗ್ಗಿಗೂ ಸುಮಾರು 0.1 ಮಿ.ಮೀ. ವ್ಯತ್ಯಾಸ. ಅಷ್ಟೇನಾ ಅನ್ನಬೇಡಿ. ಬಿಗಿಯ ಲೆಕ್ಕ ಇರುವುದೂ ಅಂಥ ಚೂರುಪಾರಿನಲ್ಲೇ. ಮಾಮೂಲಿ ಬಿಸಿಗೆ ಹಿಡಿತ ಉಳಿಯುತ್ತದೆ. ಅತಿಯಾಗಿ ಕಾದರೆ ಲೈನರ್ ಸಡಿಲ, ಪಿಸ್ಟನ್ ಜೊತೆ ಅದೂ ಮೇಲೆ ಕೆಳಗೆ ಆಡುತ್ತದೆ. ಅದರ ಹಿಂದಿನ ಅಲ್ಯೂಮಿನಿಯಂ ಗೋಡೆ ಬಿರುಕು ಬಿಟ್ಟಿದ್ದರೆ ನೀರು ಅಲ್ಲಿಂದಲೇ ಬೋರಿಗೆ ಇಳಿಯುತ್ತದೆ. ಗ್ಯಾಸ್ಕೆಟ್ ಇರುವುದು ಮೇಲೆ. ಅದೇನು ಮಾಡೀತು?

ಕುಂದಾಪುರದ ಹುಡುಗನೊಬ್ಬ ಇದ್ದಾನೆ. ಒಳ್ಳೆಯವನು, ಬಂದಾಗಲೆಲ್ಲ ಗ್ಯಾರೇಜಿನವರಿಗೆಲ್ಲ ಚಹಾ ತರಿಸುತ್ತಾನೆ. ಫುಜೈರಾದಿಂದ ಬರುವಾಗ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತಂತೆ, ಆಮೇಲೆ ತಾನಾಗಿ ಇಳಿಯಿತಂತೆ. "ಇಳೀತಲ್ಲ ಅಣ್ಣ, ಅದಕ್ಕೇ ಓಡಿಸ್ದೆ." ನೀರೆಲ್ಲ ಖಾಲಿಯಾಗಿತ್ತು ಮಾರಾಯ! ಸೆನ್ಸರಿಗೆ ತಾಗಲು ನೀರೇ ಇಲ್ಲದಿದ್ದರೆ ಮುಳ್ಳು ಇಳಿಯದೆ ಇನ್ನೇನು?

ಹಾಗಂತ ಕಾದ ಎಂಜಿನೆಲ್ಲ ಕೆಟ್ಟಿತು ಎಂದಲ್ಲ. ಕೆಲವೊಮ್ಮೆ ನಿಜಕ್ಕೂ ಗ್ಯಾಸ್ಕೆಟ್ ಮಾತ್ರ ಹೋಗಿರುತ್ತದೆ. ಬಿಚ್ಚಿ ನೋಡದೆ ಫೋನಿನಲ್ಲಿ ನಾನು ಯಾವುದನ್ನೂ ಹೇಳುವುದಿಲ್ಲ. ಹೆಡ್ ತೆಗೆದಾಗಲೇ ಬ್ಲಾಕಿಗೆ ಪ್ರೆಶರ್ ಟೆಸ್ಟ್, ಅಂದರೆ ಒತ್ತಡ ಕೊಟ್ಟು ಸೋರಿಕೆ ನೋಡುವ ಪರೀಕ್ಷೆ, ಮಾಡಿಸಿ. ಸೋರುತ್ತಿದ್ದರೆ ಮೇಲೆ ಅಂಚು ಇರುವ ಲೈನರ್ ಹಾಕಿಸಬಹುದು, ಆ ಅಂಚನ್ನು ಹೆಡ್ಡೇ ಅದುಮಿ ಹಿಡಿಯುತ್ತದೆ. ಖರ್ಚು ಜಾಸ್ತಿ, ನಿಜ. ಅದಕ್ಕೇ ಟೆಸ್ಟ್ ಮೊದಲು, ಗ್ಯಾಸ್ಕೆಟ್ ಆರ್ಡರ್ ಆಮೇಲೆ.