ಏಳನೇ ಪುಸ್ತಕದಿಂದ ಶುರು ಮಾಡಬಹುದಾ?

ಪ್ರಶ್ನೆ: ಸ್ಕ್ಯಾಂಡಿನೇವಿಯಾದ ಪತ್ತೇದಾರಿ ಸರಣಿ ಓದಬೇಕು ಅಂತಿದ್ದೇನೆ. ಕೈಗೆ ಸಿಕ್ಕಿರುವುದು ಏಳನೇ ಪುಸ್ತಕ. ಹೇಗೂ ಪ್ರತಿ ಪುಸ್ತಕದಲ್ಲೂ ಬೇರೆ ಬೇರೆ ಕೊಲೆ ತಾನೆ? ಇದರಿಂದಲೇ ಶುರು ಮಾಡಲಾ?

ಬೇಡ.

ಇಷ್ಟಕ್ಕೇ ನಿಲ್ಲಿಸಿಬಿಡೋಣ ಅನಿಸುತ್ತದೆ. ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದರೆ, ಕೇಳುವವರು ‘ಏಳನೇ’ ಅನ್ನುವಷ್ಟರಲ್ಲೇ ‘ದಿ ಸ್ನೋಮ್ಯಾನ್ ತಾನೆ?’ ಅಂತ ನಾನೇ ಕೇಳಿಬಿಡುತ್ತೇನೆ. ಹೌದು ಅಂತಾರೆ. ನಾರ್ವೆಯ ನೆಸ್ಬೊ ಬರೆದ, ಹ್ಯಾರಿ ಎಂಬ ಪೊಲೀಸನ ಸರಣಿಯ ಏಳನೆಯದು ಅದು. ಹಳೇ ಪುಸ್ತಕದ ಅಂಗಡಿಯಲ್ಲಿ ನನಗಂತೂ ಯಾವಾಗ ಹೋದರೂ ಅದೇ ಕಣ್ಣಿಗೆ ಬೀಳುತ್ತದೆ.

ಪ್ರತಿ ಪುಸ್ತಕಕ್ಕೂ ಬೇರೆ ಕೊಲೆ ಅನ್ನುವುದು ಸರಿ. ಅದಕ್ಕೇ ಯಾವುದನ್ನು ಬೇಕಾದರೂ ಮೊದಲು ಓದಬಹುದು ಅನ್ನುವುದು ತಪ್ಪು. ಈ ಅಭ್ಯಾಸ ಎಲ್ಲಿಂದ ಬಂತು ಅಂತ ಗೊತ್ತು ಬಿಡಿ. ನಾವು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರು. ಆಮೇಲೆ ಹೋಮ್ಸ್, ಪೊಯ್ರೊ. ಯಾವುದನ್ನು ಮೊದಲು ತೆಗೆದರೂ ಅಂಥ ನಷ್ಟವಿಲ್ಲ. ಕೇಸು ಮುಗಿಯಿತು, ಪತ್ತೇದಾರ ಕೈ ತೊಳೆದುಕೊಂಡು ಹೊರಟ.

ಸ್ವೀಡನ್ನಿನ ಮಾಯ್ ಶೋವಾಲ್ ಮತ್ತು ಪೆರ್ ವಾಲೋ ಕೈಬಿಟ್ಟಿದ್ದೇ ಈ ಪದ್ಧತಿಯನ್ನು. 1965ರಿಂದ 1975ರವರೆಗೆ ಇಬ್ಬರೂ ಸೇರಿ ಮಾರ್ಟಿನ್ ಬೆಕ್ ಎಂಬ ಪೊಲೀಸನ ಬಗ್ಗೆ ಹತ್ತು ಪುಸ್ತಕ ಬರೆದರು. ಒಂದೊಂದರಲ್ಲೂ 30 ಅಧ್ಯಾಯ. 300 ಅಧ್ಯಾಯದ ಒಂದೇ ಕಾದಂಬರಿ ಅಂತ ಮೊದಲೇ ಲೆಕ್ಕ ಹಾಕಿ ಬರೆದದ್ದು. ಮೊದಲನೆಯದಾದ ‘ರೋಸಾನ್ನಾ’ದಲ್ಲಿ ಕಾಲುವೆಯ ಹೂಳೆತ್ತುವಾಗ ಒಂದು ಹೆಣ ಸಿಗುತ್ತದೆ. ಅವಳು ಯಾರು ಅಂತ ಗೊತ್ತಾಗುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಅಷ್ಟರಲ್ಲಿ ಬೆಕ್‌ಗೆ ನೆಗಡಿ, ಹೊಟ್ಟೆನೋವು, ಮನೆಯಲ್ಲಿ ಹೆಂಡತಿಯ ಜೊತೆ ಮಾತೇ ಕಮ್ಮಿ. ಆ ಸಂಸಾರ ಮುಂದೇನಾಗುತ್ತದೆ ಅನ್ನುವುದು ಒಂದು ಪುಸ್ತಕದಲ್ಲಿ ಮುಗಿಯುವ ಮಾತಲ್ಲ. ನಡುವೆ ಎರಡು ಪುಸ್ತಕ ಹಾರಿಸಿದರೆ ಎರಡು ವರ್ಷ ಊರಿಗೇ ಹೋಗದೆ ಬಂದ ನೆಂಟರ ಥರ ಕೂತಿರಬೇಕಾಗುತ್ತದೆ.

ಇಲ್ಲಿಗೆ ಬಂದಾಗ ಒಂದು ವಾದ ಏಳುತ್ತದೆ. ‘ಹಿಂದಿನ ಕಥೆಯನ್ನು ಲೇಖಕರೇ ಎರಡು ಸಾಲಲ್ಲಿ ಹೇಳ್ತಾರಲ್ವಾ?’

ಹೇಳ್ತಾರೆ. ತೊಂದರೆ ಅದೇ. ಆ ಎರಡು ಸಾಲು, ಓದಿದವರಿಗೆ ನೆನಪು ಮಾಡಿಕೊಡುವುದಕ್ಕೆ. ಓದದವರ ಪಾಲಿಗೆ ಅದು ಗುಟ್ಟು ರಟ್ಟು. ಸತ್ತವರು ಯಾರು, ಬಿಟ್ಟುಹೋದವರು ಯಾರು, ಒಳಗಿದ್ದೇ ಮೋಸ ಮಾಡಿದವರು ಯಾರು ಎಲ್ಲ ಪುಕ್ಕಟೆ ಗೊತ್ತಾಗಿಬಿಡುತ್ತದೆ. ನಾನೂ ಹೀಗೇ ಕೆಟ್ಟವನು. ನಾರ್ವೆಯ ನೆಸ್ಬೊ ಅವರದ್ದು ನಾನು ಓದಿದ ಮೊದಲ ಪುಸ್ತಕ ‘ದಿ ಡೆವಿಲ್ಸ್ ಸ್ಟಾರ್’. ‘ಯಾವುದಾದ್ರೂ ಓದಿ ಸಾರ್, ಎಲ್ಲಾ ಒಂದೇ’ ಅಂದಿದ್ದ ಅಂಗಡಿಯವನು. ಆಮೇಲೆ ‘ದಿ ರೆಡ್‌ಬ್ರೆಸ್ಟ್’ ತೆಗೆದರೆ, ಒಬ್ಬ ಪಾತ್ರಧಾರಿ ಒಳಗೆ ಕಾಲಿಟ್ಟ ಕೂಡಲೇ ‘ಓ, ಇವನಾ’ ಅಂದೆ. ಐನೂರು ಪುಟದ ಕುತೂಹಲ ಅಲ್ಲಿಗೇ ಹೋಯಿತು.

ಆದರೆ ತಪ್ಪು ಅಂಗಡಿಯವನದ್ದಷ್ಟೇ ಅಲ್ಲ. ‘ರೆಡ್‌ಬ್ರೆಸ್ಟ್’ (2000), ‘ನೆಮೆಸಿಸ್’ (2002), ‘ಡೆವಿಲ್ಸ್ ಸ್ಟಾರ್’ (2003), ಈ ಮೂರರಲ್ಲಿ ಒಂದೇ ಎಳೆ ಹರಿಯುತ್ತದೆ. ಮೊದಲನೆಯದರಲ್ಲಿ ಒಂದು ಸಾವು, ಕಡೆಯದರಲ್ಲಿ ಲೆಕ್ಕ ಚುಕ್ತಾ. ಇಂಗ್ಲಿಷಿಗೆ ಮೊದಲು ಬಂದದ್ದು ಯಾವುದು? ಕಡೆಯದು, 2005ರಲ್ಲಿ! ಸರಣಿಯ ಮೊಟ್ಟಮೊದಲ ಪುಸ್ತಕ ‘ದಿ ಬ್ಯಾಟ್’ ನಾರ್ವೆಯಲ್ಲಿ 1997ರದ್ದು, ಇಂಗ್ಲಿಷಿಗೆ ಬಂದದ್ದು 2012ರಲ್ಲಿ. ಬಾಳೆಎಲೆಯಲ್ಲಿ ಪಾಯಸ ಮುಗಿಸಿದ ಮೇಲೆ ಉಪ್ಪು, ಉಪ್ಪಿನಕಾಯಿ ಬಡಿಸಿದ ಹಾಗೆ.

ಸ್ವೀಡನ್ನಿನ ಹೆನ್ನಿಂಗ್ ಮಾಂಕೆಲ್ ಅವರ ಪೊಲೀಸ್ ವಾಲಾಂಡರ್‌ಗೂ ಇದೇ ಗತಿ. 1993ರ ಪುಸ್ತಕದಲ್ಲಿ ವಾಲಾಂಡರ್ ಕೈಯಿಂದ ಒಂದು ಜೀವ ಹೋಗುತ್ತದೆ. 1994ರ ‘ದಿ ಮ್ಯಾನ್ ಹೂ ಸ್ಮೈಲ್ಡ್’ ಶುರುವಾಗುವ ಹೊತ್ತಿಗೆ ಅವನು ರಜೆ ಹಾಕಿ ಡೆನ್ಮಾರ್ಕಿನ ಸ್ಕಾಗನ್ ಕಡಲ ದಂಡೆಯಲ್ಲಿ ಸುಮ್ನೆ ನಡೆಯುತ್ತಿರುತ್ತಾನೆ. ಕೆಲಸವೇ ಬೇಡ ಅಂತ ತೀರ್ಮಾನಿಸಿರುತ್ತಾನೆ. ಇದು ಇಂಗ್ಲಿಷಿಗೆ ಬಂದದ್ದು 2005ರಲ್ಲಿ. ಮುಂದಿನ ಪುಸ್ತಕಗಳು ಅದಕ್ಕೂ ಮೊದಲೇ ಬಂದಿದ್ದವು. ಕೆಲಸಕ್ಕೆ ವಾಪಸ್ ಬಂದವನನ್ನು ಓದಿ ಮುಗಿಸಿದವರಿಗೆ, ಬಿಡ್ತಾನೋ ಏನೋ ಅನ್ನುವ ಆತಂಕ ಎಲ್ಲಿಂದ ಬರಬೇಕು? ಇನ್ನು ಅವನ ಅಪ್ಪ. ಮುದುಕ ಜೀವನಪೂರ್ತಿ ಒಂದೇ ಚಿತ್ರ ಬಿಡಿಸುತ್ತಾನೆ. ಅದೇ ಕಾಡು, ಅದೇ ಸಂಜೆ. ಕೆಲವದರಲ್ಲಿ ಒಂದು ಕಾಡುಕೋಳಿ ಇರುತ್ತದೆ, ಕೆಲವದರಲ್ಲಿ ಇಲ್ಲ. ಮೊದಲ ಪುಸ್ತಕದಲ್ಲಿ ಇದು ನಗು ತರಿಸುತ್ತದೆ. ಆರನೆಯದರ ಹೊತ್ತಿಗೆ ಗಂಟಲು ಕಟ್ಟುತ್ತದೆ. ನೇರ ಆರನೆಯದಕ್ಕೇ ಹೋದವರಿಗೆ ಅವನು ಬರೀ ಸಿಡುಕು ಮುದುಕ, ಅಷ್ಟೆ.

ಹಾಗಾದರೆ ಕ್ರಮ ತಿಳಿಯೋದು ಹೇಗೆ? ಇಂಗ್ಲಿಷಿನಲ್ಲಿ ಬಂದ ಇಸವಿ ನೋಡಬೇಡಿ. ಶೀರ್ಷಿಕೆ ಪುಟದ ಹಿಂಬದಿ ತಿರುಗಿಸಿ. ಅಲ್ಲಿ ಸಣ್ಣಕ್ಷರದಲ್ಲಿ ಮೂಲ ಹೆಸರು, ಮೊದಲು ಅಚ್ಚಾದ ದೇಶ, ಇಸವಿ ಸಾಮಾನ್ಯವಾಗಿ ಇರುತ್ತದೆ. ಆ ಇಸವಿಯೇ ಕ್ರಮ. ನಾನು ಪುಸ್ತಕ ತಂದ ದಿನವೇ ಅದನ್ನು ನೋಡಿ ಖಾಲಿ ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ನಂಬರ್ ಹಾಕಿಬಿಡುತ್ತೇನೆ. ವಾಲಾಂಡರ್‌ನ ಚಿಕ್ಕ ವಯಸ್ಸಿನ ಕಥೆಗಳಿರುವ ‘ದಿ ಪಿರಮಿಡ್’ 1999ರದ್ದು. ಅದನ್ನು ಅದರ ಜಾಗದಲ್ಲೇ ಓದಿ, ಜಾಣತನ ಮಾಡಿ ಮೊದಲಿಗೆ ಎಳೆಯಬೇಡಿ. ‘ದಿ ಗರ್ಲ್ ವಿತ್ ದಿ ಡ್ರ್ಯಾಗನ್ ಟ್ಯಾಟೂ’ ಬರೆದ ಸ್ವೀಡನ್ನಿನ ಸ್ಟೀಗ್ ಲಾರ್ಸನ್ ಅವರ ಮೂರು ಪುಸ್ತಕಗಳ ಬಗ್ಗೆ ಮಾತೇ ಬೇಡ, ಎರಡು ಮತ್ತು ಮೂರನೆಯದು ಸೇರಿ ಒಂದೇ ಕಥೆ.

ಮಾತು ಬಂತು ಅಂತ ಹೇಳುತ್ತೇನೆ, ಹೆಸರುಗಳ ಬಗ್ಗೆ ಯಾರೂ ಕೇಳುವುದಿಲ್ಲ. ನೆಸ್ಬೊ ಅವರ ಹೆಸರು ‘ಜೋ’ ಅಲ್ಲ, ‘ಯೂ’. ಅವರ ಪೊಲೀಸ್ ಹ್ಯಾರಿಯ ಅಡ್ಡಹೆಸರು ಇಂಗ್ಲಿಷ್ ಅಕ್ಷರದಲ್ಲಿ Hole ಅಂತ ನೋಡಿ ರಸ್ತೆಗುಂಡಿ ಮಾಡಬೇಡಿ. ಅದು ‘ಹೂಲೆ’. ನಮ್ಮತ್ತೆ ಅದನ್ನು ಹೊಳೆನರಸೀಪುರದ ಬೋರ್ಡಿನ ಹಾಗೆ ಓದಿ, ‘ಹ್ಯಾರಿ ಹೊಳೆ ಅಂತೆ, ಯಾವ ಹೊಳೆ ದಂಡೆಯವನೋ’ ಅಂದಿದ್ದರು. ತೀರಾ ತಪ್ಪಲ್ಲ. ನಾರ್ವೆಯ ಎಷ್ಟೋ ಅಡ್ಡಹೆಸರುಗಳು ಜಮೀನಿನ, ಊರಿನ ಹೆಸರುಗಳೇ. ನಮ್ಮ ಹುಬ್ಬಳ್ಳಿ, ಬ್ಯಾಡಗಿಯವರ ಹಾಗೆ.

ಐಸ್‌ಲ್ಯಾಂಡಿನಲ್ಲಿ ಅದೂ ಇಲ್ಲ. ಬಹುಪಾಲು ಜನಕ್ಕೆ ಮನೆತನದ ಹೆಸರೇ ಇಲ್ಲ, ಅಪ್ಪನ ಹೆಸರು ಅಷ್ಟೆ. ಅಲ್ಲಿನ ಪತ್ತೇದಾರಿ ಲೇಖಕ ಆರ್ನಾಲ್ಡುರ್ ಇಂದ್ರಿದಾಸನ್ ಅಂದರೆ ಇಂದ್ರಿದಿಯ ಮಗ ಆರ್ನಾಲ್ಡುರ್. ನಮ್ಮ ಇನಿಷಿಯಲ್ ಲೆಕ್ಕದಲ್ಲಿ ಐ. ಆರ್ನಾಲ್ಡುರ್. ಅಲ್ಲಿ ಫೋನ್ ಡೈರೆಕ್ಟರಿಯಲ್ಲೂ ಅವರವರ ಹೆಸರಿನ ಮೇಲೆಯೇ ಜೋಡಿಸುತ್ತಿದ್ದರು. ನಮ್ಮ ಅಂಗಡಿಯವರಿಗೆ ಇದು ಗೊತ್ತಿರಲ್ಲ. ಹಾಗಾಗಿ ‘ಎ’ ಸಾಲಿನಲ್ಲಿ ಕಾಣದಿದ್ದರೆ ‘ಐ’ ಸಾಲಿನಲ್ಲೂ ಹುಡುಕಿ. ಆರ್ನಾಲ್ಡುರ್ ಅವರ ‘ಜಾರ್ ಸಿಟಿ’ ಸಿಕ್ಕರೆ ಧೈರ್ಯವಾಗಿ ಅಲ್ಲಿಂದಲೇ ಶುರು ಮಾಡಿ. ಅದು ಮೂರನೇ ಪುಸ್ತಕ, ನಿಜ. ಇಂಗ್ಲಿಷಿನಲ್ಲಿ ಆ ಸರಣಿ ಶುರುವಾಗಿದ್ದೇ ಮೂರನೆಯದರಿಂದ. ಏನ್ ಮಾಡೋದು!